ಮಂಗಳೂರಿಗೆ ಯಾಕೆ ಬರುತ್ತೇವೆ ಎಂದು ಕೇಳಿದೆಯಲ್ಲ

ಮಾರಾಯ, ರಾಜ್ಯೋತ್ಸವದ ಶುಭಾಶಯದ ಬೆನ್ನಿಗೇ ನೀನು ಕಳಿಸಿದ ಪ್ರಶ್ನೆಗೆ ಎರಡು ದಿನ ಉತ್ತರ ಬರೆಯಲು ಮನಸ್ಸಾಗಲಿಲ್ಲ. "ನಿಮ್ಮ ಕೇರಳದಲ್ಲಿ ಕಡುಬಡತನವೇ ಇಲ್ಲ ಅಂತ ನವೆಂಬರ್ 1ಕ್ಕೆ ಘೋಷಣೆ ಆಯ್ತಲ್ಲ, ಮಕ್ಕಳ ಸಾವು ಅಮೆರಿಕಕ್ಕಿಂತ ಕಡಿಮೆ ಅಂತೆ. ಮತ್ತೆ ನೀವೆಲ್ಲ ಯಾಕೆ ಮಂಗಳೂರಿಗೆ ಓಡಿ ಬಂದು ನಮ್ಮ ಬೆಡ್ಡು ತುಂಬಿಸ್ತೀರಿ?" ನೋಯಿಸಬೇಕೆಂದು ಕೇಳಿದ್ದಲ್ಲ ಎಂದು ಗೊತ್ತುಂಟು. ಆದರೆ ಆ 'ನಿಮ್ಮ', ಆ 'ನಮ್ಮ' ಎರಡೂ ಚುಚ್ಚಿದವು.

ಮೊದಲು ನಮ್ಮ ಹೆಮ್ಮೆಯ ವಿಷಯ ಹೇಳಿಬಿಡುತ್ತೇನೆ. ಜ್ವರಕ್ಕೆ, ಚುಚ್ಚುಮದ್ದಿಗೆ, ಬಿ.ಪಿ. ಮಾತ್ರೆಗೆ ನಾವು ಎಲ್ಲಿಗೂ ಓಡುವುದಿಲ್ಲ. ಕಾಸರಗೋಡಿನ ನಮ್ಮ ಗುಡ್ಡದ ಬುಡದಲ್ಲೇ ಕುಟುಂಬ ಆರೋಗ್ಯ ಕೇಂದ್ರ ಉಂಟು, ಆಶಾ ಅಕ್ಕ ಮನೆ ಮನೆಗೆ ಬರುತ್ತಾರೆ. ಆಚೆಮನೆಯ ಅಜ್ಜಿ ಮಲಗಿದಲ್ಲೇ ಆದ ಮೇಲೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ತಿಂಗಳು ತಿಂಗಳು ಗುಡ್ಡ ಹತ್ತಿ ಬಂದು ಹುಣ್ಣು ತೊಳೆದು ಹೋಗುತ್ತಿದ್ದರು. 2008ರಲ್ಲೇ ಕೇರಳ ಅದಕ್ಕೊಂದು ನೀತಿ ಮಾಡಿತ್ತು. ಶಿಶುಮರಣ ಸಾವಿರಕ್ಕೆ 5 ಎನ್ನುವ ಲೆಕ್ಕವೂ ಸುಳ್ಳಲ್ಲ. ದೇಶದ್ದು 25. ಕೈಯಲ್ಲಿ ದುಡ್ಡಿಲ್ಲದ ಜನವೂ ಹೆಚ್ಚು ಕಾಲ ಬದುಕಬಹುದು ಎಂದು ಈ ರಾಜ್ಯ ತೋರಿಸಿಕೊಟ್ಟಿದೆ, ಅದು ಸಣ್ಣ ಸಂಗತಿಯಲ್ಲ.

ಆದರೆ ಆ ಲೆಕ್ಕ ಒಂದು ಸರಾಸರಿ, ಮತ್ತು ನಾವು ಅದರೊಳಗೆ ತಡವಾಗಿ ಬಂದವರು. ಕೇರಳದ ದಕ್ಷಿಣ ತುದಿಯ ತಿರುವಿದಾಂಕೂರಿನಲ್ಲಿ ರಾಣಿ ಗೌರಿ ಪಾರ್ವತಿ ಬಾಯಿ ಶಾಲೆಯ ಖರ್ಚು ಸರಕಾರದ್ದು ಎಂದು 1817ರಲ್ಲೇ ಆಜ್ಞೆ ಹೊರಡಿಸಿದ್ದರು. ನಾವು ಆಗ ಮದರಾಸಿನ ಕೈಕೆಳಗೆ. 1956ರ ಅಕ್ಟೋಬರ್ 31ರ ತನಕ ದಕ್ಷಿಣ ಕನ್ನಡ ಜಿಲ್ಲೆಯವರು, ಮರುದಿನದಿಂದ ಕೇರಳದವರು. ಕಾಸರಗೋಡು ಜಿಲ್ಲೆ ಅಂತ ಆದದ್ದು 1984ರಲ್ಲಿ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ಎಂ.ಬಿ.ಬಿ.ಎಸ್. ಸೀಟಿಗೆ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ಕಾಸರಗೋಡಿನಿಂದ ತಿರುವನಂತಪುರಕ್ಕೆ ಐನೂರೈವತ್ತು ಕಿಲೋಮೀಟರಿಗೂ ಹೆಚ್ಚು, ಮಂಗಳೂರಿಗೆ ಐವತ್ತರ ಆಸುಪಾಸು. ಎದೆ ಹಿಡಿದುಕೊಂಡು ಕುಸಿದವನನ್ನು ಯಾವ ದಿಕ್ಕಿಗೆ ಒಯ್ಯುತ್ತಿ ಹೇಳು. 2020ರ ಮಾರ್ಚಿನಲ್ಲಿ ದಾರಿಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ತಲಪಾಡಿ ದಾಟಲಾಗದೆ ನಮ್ಮ ಕಡೆಯ ಹಲವರು ತೀರಿಕೊಂಡರು. ಸುಪ್ರೀಂ ಕೋರ್ಟಿನ ತನಕ ಹೋಯಿತು ಆ ವಿಷಯ.

ಇನ್ನು ನಮ್ಮ ಮನೆಯದ್ದು. ಇದನ್ನು ನಿನಗೆ ಯಾವತ್ತೂ ಪೂರ್ತಿಯಾಗಿ ಹೇಳಿಲ್ಲ.

ಅಪ್ಪ ಅಡಿಕೆ ಮರ ಹತ್ತುವವರು. ಕೊಯ್ಲೂ ಅವರೇ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದೂ ಅವರೇ. 2016ರ ಆಟಿ ತಿಂಗಳಲ್ಲಿ ಮಳೆ ಹೊಳವಾದ ಎರಡು ದಿನ ನೋಡಿಕೊಂಡು ಮದ್ದಿಗೆ ಹೋಗಿದ್ದರು. ಎದೆಯ ಮೇಲೆ ಏನೋ ಒತ್ತಿದ ಹಾಗೆ ಆಗುತ್ತದೆ ಎಂದು ಸಂಜೆ ಹೇಳಿದರು. ಗ್ಯಾಸ್ ಇರಬೇಕು ಎಂದು ಜೀರಿಗೆ ಕಷಾಯ ಕುಡಿದರು. ಮರುದಿನವೂ ಹೋದರು. ಹೋಗದಿದ್ದರೆ ಆ ದಿನದ ಕೂಲಿ ಇಲ್ಲ, ಹೊಳ ಮತ್ತೆ ಸಿಕ್ಕುವ ಭರವಸೆಯೂ ಇಲ್ಲ. ಮೂರನೇ ರಾತ್ರಿ ಜೀಪಿನಲ್ಲಿ ಹಾಕಿಕೊಂಡು ಮಂಗಳೂರಿಗೆ ಓಡಿದೆವು. ಅಪ್ಪನಿಗೆ ಆಗ ಐವತ್ತೆರಡು.

ಅದೇ ವರ್ಷ ತೋಟದ ಧಣಿಗಳಿಗೂ ಎದೆನೋವು ಬಂದಿತ್ತು. ಶುರುವಾದ ಎರಡು ಗಂಟೆಯೊಳಗೆ ಅವರು ಮಂಗಳೂರಿನ ಬೆಡ್ಡಿನಲ್ಲಿದ್ದರು. ಅವರ ಮಗ ದುಡ್ಡು ಕಟ್ಟಿದ, ಒಂದೇ ಒಂದು ಕಾಗದ ಯಾರೂ ಕೇಳಲಿಲ್ಲ. ಅವರು ನಾಲ್ಕನೇ ದಿನ ಮನೆಗೆ ಬಂದರು. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಒಳ್ಳೆಯ ಮನುಷ್ಯ. ನಾನು ಹೇಳುವುದು ಗಡಿಯ ಬಗ್ಗೆ. ದುಡ್ಡಿದ್ದವರಿಗೆ ತಲಪಾಡಿಯಲ್ಲಿ ಗಡಿಯೇ ಇಲ್ಲ. ಕಾಗದ ಹಿಡಿದು ಬಂದವನಿಗೆ ಮಾತ್ರ ಉಂಟು.

ನಮ್ಮ ಹತ್ತಿರ ವಿಮೆಯ ಕಾರ್ಡು ಇತ್ತು. ಕೌಂಟರಿನ ಹುಡುಗಿ ಕಾರ್ಡು ನೋಡಿದಳು, ಆಧಾರ್ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. "ಇದು ಬೇರೆಯವರದ್ದಲ್ವಾ?" ಅಪ್ಪನ ಹೆಸರು ನಾರಾಯಣ. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ನಾರಾಯಣ, ಆಧಾರಿನಲ್ಲಿ ನಾರಾಯಣ. ರೇಷನ್ ಕಾರ್ಡಿನಲ್ಲಿ ಮಾತ್ರ ನಾರಾಯಣನ್. ಯಾವತ್ತೋ ಒಬ್ಬರು ಗುಮಾಸ್ತರು ಮಲಯಾಳದ ರೂಢಿಯಂತೆ ಕೊನೆಗೊಂದು 'ನ್' ಸೇರಿಸಿ ಬರೆದರು. ಅವರಿಗೆ ಅದು ಸಹಜ, ಅವರ ಊರಿನಲ್ಲಿ ಎಲ್ಲ ನಾರಾಯಣರೂ ನಾರಾಯಣನ್‌ಗಳೇ. ಆದರೆ ರೇಷನ್ ಕಾರ್ಡಿನಿಂದ ಆ ಹೆಸರು ವಿಮೆಗೆ ಹೋಯಿತು, ಪಂಚಾಯತಿನ ಪಟ್ಟಿಗೆ ಹೋಯಿತು, ಎಲ್ಲ ಕಡೆ ಹಬ್ಬಿತು. ಆ ರಾತ್ರಿ ಅಲ್ಲಿ ನಮಗೆ ಎರಡು ಮಾತು ಹೇಳಿದರು. ಒಂದು, ಹೆಸರು ಹೊಂದುವುದಿಲ್ಲ. ಇನ್ನೊಂದು, ನೀವು ಕೇರಳದವರು, ಈ ಕಾರ್ಡು ಇಲ್ಲಿ ನಡೆಯುವುದಿಲ್ಲ.

ಅಮ್ಮನ ಕರಿಮಣಿ ಸರ ಮತ್ತು ಬೆಂಡೋಲೆ ಸೊಸೈಟಿಯಲ್ಲಿ ಅಡವಿಗೆ ಹೋದವು. ಹಟ್ಟಿಯಲ್ಲಿದ್ದ ಎರಡು ದನ ಹೋದವು. ಉಳಿದದ್ದಕ್ಕೆ ಬಡ್ಡಿ ಸಾಲ. ಹೃದಯದ ರಕ್ತನಾಳ ತೆರೆದಿಡಲು ಅಪ್ಪನಿಗೆ ಹಾಕಿದ ಸ್ಟೆಂಟಿಗೆ ಅವರು ಹೇಳಿದ್ದೇ ರೇಟು. ಅದಕ್ಕೆ ಸರಕಾರ ಬೆಲೆ ಕಟ್ಟಿದ್ದು 2017ರ ಫೆಬ್ರವರಿಯಲ್ಲಿ, ಮದ್ದು ತುಂಬಿದ ಸ್ಟೆಂಟಿಗೆ 29,600 ರೂಪಾಯಿ ಎಂದು. ನಮಗೆ ಏಳು ತಿಂಗಳು ತಡವಾಯಿತು.

ಆ 'ನ್' ಬಿಡಿಸುವ ಕೆಲಸ ಆಗ ಶುರುವಾದದ್ದು ಇವತ್ತಿನವರೆಗೆ ಮುಗಿದಿಲ್ಲ. ಮೊದಲು ಸರಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೆ ಹೋಗಬೇಕು, ಅಲ್ಲಿಂದ ಸಪ್ಲೈ ಆಫೀಸಿಗೆ, ಅಲ್ಲಿಂದ ವಿಲ್ಲೇಜ್ ಆಫೀಸಿಗೆ. ನಾರಾಯಣ ಮತ್ತು ನಾರಾಯಣನ್ ಒಬ್ಬನೇ ಮನುಷ್ಯ ಎಂದು ಅಲ್ಲಿ 'ಒನ್ ಆಂಡ್ ದಿ ಸೇಮ್' ಸರ್ಟಿಫಿಕೇಟ್ ಕೊಡುತ್ತಾರೆ. ಅರ್ಜಿಯ ಫಾರಂ ಮಲಯಾಳದಲ್ಲಿ. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗುಂಟು ಎಂದು ನಾನು ಹೇಳಿದೆ. ಹೌದು, ಉಂಟು ಎಂದರು, ಆದರೆ ಓದುವವರು ಮೊನ್ನೆ ವರ್ಗವಾಗಿ ಹೋದರು, ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎಂದರು. ಬರೆಸಿಕೊಂಡು ಹೋದೆ. ರೇಷನ್ ಕಾರ್ಡು ಸರಿಯಾಯಿತು. ಆಮೇಲೆ ಬಂದ ಐದು ಲಕ್ಷದ ವಿಮೆಯಲ್ಲಿ ನೋಡಿದರೆ ಹಳೆಯ ಪಟ್ಟಿಯ 'ನ್' ಹಾಗೆಯೇ ಕೂತಿದೆ. ಒಂದೊಂದು ಓಡಾಟಕ್ಕೆ ಒಂದೊಂದು ದಿನದ ಕೂಲಿ. ಇಲ್ಲಿಯವರೆಗೆ ಎಷ್ಟು ದಿನ ಹೋಯಿತು ಎಂದು ಲೆಕ್ಕ ಹಾಕಲು ಹೊರಟಿದ್ದೆ, ಅಮ್ಮ ಬೇಡ ಎಂದರು.

ಆಚೆ ಹೋದರೆ ನೀವು ಕೇರಳದವರು, ಈಚೆ ಬಂದರೆ ನೀವು ಕನ್ನಡದವರು. ನೀನು ಬೆಡ್ಡಿನ ಬಗ್ಗೆ ಕೇಳಿದ್ದೂ ಅದೇ ಮಾತು. ನನ್ನ ಅಜ್ಜ ಕದಲದೆ ಇದೇ ಗುಡ್ಡದಲ್ಲಿ ಕೂತಿದ್ದರು, ಗೆರೆ ಎಳೆದದ್ದು ಬೇರೆಯವರು.

ಇಷ್ಟೇ ಆಗಿದ್ದರೆ ಒಂದು ಸಾಲದ ಕಥೆ ಎಂದು ಬಿಡಬಹುದಿತ್ತು. ತಂಗಿ ಆಗ ಡಿಗ್ರಿ ಎರಡನೇ ವರ್ಷ. ಬಸ್ಸಿನ ದುಡ್ಡಿಗೂ ತತ್ವಾರವಾಗಿ ಕಾಲೇಜು ಬಿಟ್ಟು ಅಮ್ಮನ ಪಕ್ಕದಲ್ಲಿ ಬೀಡಿ ಕಟ್ಟಲು ಕೂತಳು. ನೀನು ಬೀಡಿ ಕಟ್ಟುವುದನ್ನು ನೋಡಿಲ್ಲ. ಹಿಂದಿನ ರಾತ್ರಿ ನೆನೆಸಿದ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ತಡ್ಪೆಯಲ್ಲಿ ಹೊಗೆಸೊಪ್ಪಿನ ಪುಡಿ. ಎಲೆಯಲ್ಲಿ ಚಿಟಿಕೆ ಪುಡಿ ಹಾಕಿ ಸುರುಳಿ ಸುತ್ತಿ, ಬಾಯಿಯನ್ನು ಉಗುರಿನಿಂದ ಮಡಚಿ, ನೂಲು ಬಿಗಿಯಬೇಕು. ಒಂದು ಸಾವಿರ ಮುಗಿಯುವ ಹೊತ್ತಿಗೆ ಬೆನ್ನು ನೆಟ್ಟಗಾಗುವುದಿಲ್ಲ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಸರಿಯಿಲ್ಲ ಎಂದು ತೆಗೆದಿಟ್ಟದ್ದಕ್ಕೆ ದುಡ್ಡಿಲ್ಲ. ಅಮ್ಮನಿಗೆ ಮೂವತ್ತು ವರ್ಷದ ಪುಡಿ ಎದೆಯಲ್ಲಿ ಕೂತಿದೆ, ಚಳಿಗಾಲದಲ್ಲಿ ದಮ್ಮು. ಮೀನು ಅಪ್ಪನ ಬಟ್ಟಲಿಗೆ, ತಂಗಿಗೆ ಗಂಜಿ ಮತ್ತು ಉಪ್ಪಿನಕಾಯಿ. ಯಾರೂ ಹಾಗೆ ತೀರ್ಮಾನ ಮಾಡಿದ್ದಲ್ಲ, ಬಡಿಸುವಾಗ ಹಾಗೆ ಆಗುತ್ತಿತ್ತು.

ನಾಲ್ಕು ವರ್ಷ ಕಳೆದು ಅವಳಿಗೆ ಮದುವೆಯಾಯಿತು. ಬಸುರಿಯಾದಾಗ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎಂಟು. ಆಶಾ ಅಕ್ಕ ಕಬ್ಬಿಣದ ಮಾತ್ರೆ ತಂದುಕೊಟ್ಟು ಎದುರೇ ನುಂಗಿಸಿ ಹೋಗುತ್ತಿದ್ದರು. ಸರಕಾರಿ ಆಸ್ಪತ್ರೆಯಲ್ಲೇ ಹೆರಿಗೆ, ಒಂದು ಪೈಸೆ ಖರ್ಚಿಲ್ಲದೆ. ಹೆಣ್ಣುಮಗು, ಎರಡು ಕಿಲೋ ಇನ್ನೂರು ಗ್ರಾಂ. ಎರಡೂವರೆ ಕಿಲೋಗಿಂತ ಕಡಿಮೆಯಾದರೆ ತೂಕ ಸಾಲದು ಎನ್ನುತ್ತಾರೆ. ಮಗು ಬದುಕಿತು, ಚೆನ್ನಾಗಿದೆ. ನೀನು ಹೇಳಿದ ಸಾವಿರಕ್ಕೆ ಐದರ ಲೆಕ್ಕದಲ್ಲಿ ಅವಳು ಗೆದ್ದವಳು.

ಆ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ, ಬಡತನ ನಿಲ್ಲುವುದಿಲ್ಲ. ಇದಕ್ಕೆ ಸಾಕ್ಷಿ ನಿಮ್ಮ ಕರ್ನಾಟಕದ ಮೈಸೂರಿನಲ್ಲೇ ಉಂಟು. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ 517 ಮಂದಿಯನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಅದು ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ, ಮೂರು ಕಿಲೋ ನೂರು ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ತಾಯಿಯ ಹೊಟ್ಟೆಗೆ ಬೀಳದ ಅನ್ನ ಮಗುವಿನ ಎದೆಯಲ್ಲಿ ನಲವತ್ತೈವತ್ತು ವರ್ಷ ಕಳೆದು ಕಾಣಿಸಿಕೊಳ್ಳುತ್ತದೆ. ಅದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಅಜ್ಜಿ ಮಳೆಗಾಲದಲ್ಲಿ ಗೆಣಸು, ಕೆಸುವಿನ ಸೊಪ್ಪು ತಿಂದು ಅಪ್ಪನನ್ನು ಹೆತ್ತವರು. ಅಪ್ಪನಿಗೆ ಐವತ್ತೆರಡರಲ್ಲಿ ಎದೆ ಹಿಡಿಯಿತು. ಅದರ ಬಿಲ್ಲಿಗೆ ತಂಗಿಯ ಓದು ಹೋಯಿತು, ಊಟ ಹೋಯಿತು. ಆ ಬಿಲ್ಲು ಈಗ ಈ ಮಗುವಿನ ತೂಕದಲ್ಲಿ ಉಂಟು ಎಂದೇ ನಾನು ನಂಬಿದ್ದೇನೆ. ವೈದ್ಯರು ಒಬ್ಬೊಬ್ಬರದ್ದು ಹಾಗೆ ಹೇಳಲಾಗದು ಎನ್ನಬಹುದು. ನಾನು ಇದೇ ಮನೆಯಲ್ಲಿದ್ದು ನೋಡಿದವನು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯ ನಿನಗೆ ಪೇಪರಿನಲ್ಲಿ ಓದಿ ಗೊತ್ತು, ಹೆಚ್ಚು ಬರೆಯುವುದಿಲ್ಲ. ಗುಡ್ಡದ ಮೇಲೆ ಗೇರು ತೋಟ, ಹೆಲಿಕಾಪ್ಟರಿನಲ್ಲಿ ಮದ್ದು, ಕೆಳಗೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯುವ ನಾವು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದು 2000ದಲ್ಲಿ ನಿಂತಿತು. ಅದರಿಂದ ಕಾಯಿಲೆ ಬಿದ್ದವರಿಗೆ ಸುಪ್ರೀಂ ಕೋರ್ಟು ಐದೈದು ಲಕ್ಷ ಮೂರು ತಿಂಗಳೊಳಗೆ ಕೊಡಿ ಎಂದದ್ದು 2017ರ ಜನವರಿಯಲ್ಲಿ, ಯಾಕೆ ಕೊಟ್ಟಿಲ್ಲ ಎಂದು ಅದೇ ಕೋರ್ಟು ಗದರಿದ್ದು 2022ರಲ್ಲಿ. ನಡುವಿನ ಐದು ವರ್ಷ ಕಾಯಿಲೆ ಬಿದ್ದ ಮಕ್ಕಳ ತಾಯಂದಿರು ಏನು ಮಾಡಿದರು ಎಂದು ಯೋಚಿಸು. ಮಲಗಿದಲ್ಲೇ ಇರುವ ಮಗನನ್ನು ಬಿಟ್ಟು ಕೂಲಿಗೆ ಹೋಗುವ ಹಾಗಿಲ್ಲ, ಹೋಗದಿದ್ದರೆ ಅಕ್ಕಿಯಿಲ್ಲ. ಕಾಯಿಲೆಯಿಂದ ಬಡತನವೋ ಬಡತನದಿಂದ ಕಾಯಿಲೆಯೋ ಎಂದು ಬೇರ್ಪಡಿಸಲು ಅಲ್ಲಿ ಆಗುವುದಿಲ್ಲ.

ಕಡುಬಡತನ ಇಲ್ಲ ಎಂಬ ಘೋಷಣೆಯ ಮಾತು. ಹಸಿದು ಮಲಗುವವರು ನಮ್ಮ ಪಂಚಾಯತಿನಲ್ಲಿ ಇವತ್ತು ನನಗೆ ಕಾಣುವುದಿಲ್ಲ, ಅದು ನಿಜ, ಅದಕ್ಕೆ ದುಡಿದವರಿಗೆ ಕೈಮುಗಿಯುತ್ತೇನೆ. ಆದರೆ ಬಡವರಿಗೆಂದು ಕೊಡುವ ಗುಲಾಬಿ ರೇಷನ್ ಕಾರ್ಡಿನ ನಮ್ಮ ಮನೆಗಳಲ್ಲಿ ಯಾರಿಗಾದರೂ ಎದೆ ಹಿಡಿದರೆ ಒಂದು ರಾತ್ರಿಯಲ್ಲಿ ಹತ್ತು ವರ್ಷ ಹಿಂದಕ್ಕೆ ಹೋಗುತ್ತೇವೆ. ನೀವು ಬೆಂಗಳೂರಿನವರು ಬಡವರನ್ನು ಹೊರಗಿನಿಂದ ನೋಡಿ ಗುರುತಿಸುತ್ತೀರಿ, ನಮ್ಮ ಮನೆಗೆ ಬಂದರೆ ಹೆಂಚು, ಟಿ.ವಿ., ಓದಿದ ಮಕ್ಕಳು ಕಾಣಿಸುತ್ತಾರೆ. ಅಡವಿನ ಚೀಟಿ ಕಪಾಟಿನೊಳಗೆ ಇರುತ್ತದೆ.

ತಂಗಿಯ ಮಗಳಿಗೆ ಮೊನ್ನೆ ನಾಲ್ಕು ತುಂಬಿತು. ಅಂಗನವಾಡಿಯಲ್ಲಿ ತೂಗುವ ದಿನ ಅವಳಮ್ಮ ಬೆಳಿಗ್ಗೆ ಎರಡು ದೋಸೆ ಹೆಚ್ಚು ತಿನ್ನಿಸಿ ಕಳಿಸುತ್ತಾಳೆ. ಮುಳ್ಳು ಸ್ವಲ್ಪ ಮೇಲೆ ಹೋದರೆ ನನಗೆ ಫೋನು.

ಬರುವ ಸೋಮವಾರ ಅಪ್ಪನ ಚೆಕ್ಕಪ್ಪು, ಬೆಳಗ್ಗಿನ ಮೊದಲ ಬಸ್ಸಿಗೆ ಹೊರಡುತ್ತೇವೆ. ಅಪ್ಪನ ಚೀಲದಲ್ಲಿ ಆಧಾರ್, ವಿಮೆ ಕಾರ್ಡು, ಶಾಲೆಯ ಸರ್ಟಿಫಿಕೇಟ್, ಎಲ್ಲದರ ಮೇಲೆ ಆ 'ಒನ್ ಆಂಡ್ ದಿ ಸೇಮ್' ಕಾಗದದ ಮೂರು ಪ್ರತಿ ಇಟ್ಟಿದ್ದೇನೆ. ಆ ದಿನ ನೀನು ಮಂಗಳೂರಿನಲ್ಲಿದ್ದರೆ ಹೇಳು, ಮಧ್ಯಾಹ್ನ ಒಟ್ಟಿಗೆ ಊಟ ಮಾಡುವ. ಅಪ್ಪ ನಿನ್ನನ್ನು ಕೇಳುತ್ತಿರುತ್ತಾರೆ.