ಇಸವಿ ನೆನಪಿರಲ್ಲ ಅಂತ ಸ್ಕ್ಯಾನ್ ಮಾಡಿಸಲು ಹೊರಟ ಹುಡುಗ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು "ಇಸವಿ ನೆನಪಿರುವುದಿಲ್ಲ" ಅಂತ ಸಲಹೆ ಕೇಳಲು ನನ್ನ ಹತ್ತಿರ ಬರುವುದು ಹೊಸತೇನಲ್ಲ. ಆದರೆ ಈ ಹುಡುಗ ತನಗೆ ಮರೆವಿನ ಕಾಯಿಲೆ ಅಂತ ತೀರ್ಮಾನ ಮಾಡಿಕೊಂಡೇ ಬಂದಿದ್ದ. "ಮೇಡಂ, ಮಂಡೆಯ ಸ್ಕ್ಯಾನ್ ಮಾಡಿಸಬೇಕಾ?" ಅನ್ನುವುದೇ ಅವನ ಮೊದಲ ಪ್ರಶ್ನೆ. ಅವನ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು 26. ಮಂಗಳೂರಿನ ಬೋಳೂರು ಕಡೆಯವನು. ಬಿಕಾಂ ಆಗಿದೆ. ಒಂದು ಸೊಸೈಟಿಗೆ ಪಿಗ್ಮಿ (ದಿನದ ಉಳಿತಾಯದ ದುಡ್ಡು) ಕಲೆಕ್ಷನ್ ಮಾಡುತ್ತಾನೆ, ಉಳಿದ ಹೊತ್ತು ಕೆಎಎಸ್‌ಗೆ ಓದು. ಹಿಂದಿನ ಸಲ ಪ್ರಿಲಿಮ್ಸ್‌ನಲ್ಲಿ ಸ್ವಲ್ಪದರಲ್ಲೇ ಹೋಯಿತು. ಘಟನೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವ ಪ್ರಶ್ನೆ ನೋಡಿದ ಕೂಡಲೇ ತಲೆ ಖಾಲಿ ಆಯ್ತಂತೆ, ಕೈ ಬೆವರಿತಂತೆ, ಆಮೇಲೆ ಗೊತ್ತಿದ್ದ ಪ್ರಶ್ನೆಗಳೂ ಕೈಕೊಟ್ಟವಂತೆ. ಕೋಚಿಂಗಿಗೆ ದುಡ್ಡು ಕೊಟ್ಟದ್ದು ಸೋದರಮಾವ. ಅವರಿಗೆ ಊಟಕ್ಕೆ ಕೂತಾಗ ಪ್ರಶ್ನೆ ಕೇಳುವ ಅಭ್ಯಾಸ. "ವಾಟರ್ಲೂ ಯುದ್ಧ ಯಾವಾಗ ಮಾರಾಯ?" ಉತ್ತರ ತಡವಾದರೆ, "ಇಷ್ಟೂ ಗೊತ್ತಿಲ್ವಾ?" ಹುಡುಗ ಈಗ ಮಾವ ಊಟ ಮುಗಿಸಿ ಎದ್ದ ಮೇಲೆಯೇ ಅಡುಗೆಮನೆಗೆ ಹೋಗುವುದು. ನೆನಪಿನ ಶಕ್ತಿಗೆ ಅಂತ ಯಾವುದೋ ಕ್ಯಾಪ್ಸೂಲ್ ಬೇರೆ ತರಿಸಿಕೊಂಡಿದ್ದ. ರಾತ್ರಿ ಒಂದೂವರೆಯ ಮೊದಲು ಮಲಗುತ್ತಿರಲಿಲ್ಲ, ಬೆಳಿಗ್ಗೆ ಐದಕ್ಕೆ ಏಳುತ್ತಿದ್ದ.

ಕೇಳಬೇಕಾದ್ದನ್ನೆಲ್ಲ ಕೇಳಿದೆ. ದಾರಿ ಮರೆಯುತ್ತದಾ? ಪರಿಚಯದವರ ಹೆಸರು? ಮಾತಾಡುವಾಗ ಪದ ಸಿಗದೆ ತಡವರಿಸುವುದು ಉಂಟಾ? ಲೆಕ್ಕದಲ್ಲಿ ತಪ್ಪಾಗಿ ಸೊಸೈಟಿಯಲ್ಲಿ ಬೈಸಿಕೊಂಡದ್ದು? ಒಂದೂ ಇಲ್ಲ. ಇಂಥದ್ದು ಇದ್ದಿದ್ದರೆ ನಾನೇ ನರರೋಗ ತಜ್ಞರ ಹತ್ತಿರ ಕಳಿಸುತ್ತಿದ್ದೆ.

ಆಮೇಲೆ ಕೇಳಿದೆ, "ಬಂದರಿನಲ್ಲಿ ನಿಮ್ಮ ಪಿಗ್ಮಿ ಯಾರು ಯಾರದ್ದು ಹೇಳಿ." ಮೆಷಿನ್ ನೋಡದೆ ಶುರು ಮಾಡಿದ. ಐಸ್ ಅಂಗಡಿ 200, ಪಕ್ಕದ ಗೂಡಂಗಡಿ 50, ಟೈಲರ್ ಮೊದಲು 100 ಕೊಡುತ್ತಿದ್ದರು, ಮಗಳ ಮದುವೆ ಆದಮೇಲೆ 30. ಅಂಗಡಿ ಸಾಲು ಮುಗಿಯುವವರೆಗೂ ನಿಲ್ಲಲಿಲ್ಲ. "ಇದು ಮರೆವಿನ ಮಂಡೆಯಾ?" ಅಂದೆ. ಸುಮ್ಮನಾದ.

ಅವನ ನೋಟ್‌ಬುಕ್ ತೆಗೆದು ನೋಡಿದೆ. ಉದ್ದಕ್ಕೆ ಗೆರೆ ಎಳೆದು ಎರಡು ಭಾಗ, ಎಡಕ್ಕೆ ಕೆಂಪು ಶಾಯಿಯಲ್ಲಿ ಇಸವಿ, ಬಲಕ್ಕೆ ನೀಲಿಯಲ್ಲಿ ಘಟನೆ. 1215 ಮ್ಯಾಗ್ನಾ ಕಾರ್ಟಾ, 1453 ಕಾನ್‌ಸ್ಟಾಂಟಿನೋಪಲ್ ಪತನ, 1776, 1789, 1815, ಹೀಗೆ ಪುಟದ ಮೇಲೆ ಪುಟ. ತುಂಬ ಶಿಸ್ತಿನ ಹುಡುಗ. ಆದರೆ ಒಂದು ಸಾಲಿಗೂ ಅದರ ಕೆಳಗಿನ ಸಾಲಿಗೂ ಏನು ಸಂಬಂಧ ಅಂತ ಎಲ್ಲೂ ಬರೆದಿರಲಿಲ್ಲ. ಟೈಲರ್‌ನ 30 ರೂಪಾಯಿಗೆ ಒಂದು ಕಾರಣ ಇತ್ತು. ಇಲ್ಲಿನ ಯಾವ ಅಂಕಿಗೂ ಕಾರಣ ಇಲ್ಲ. ಅರ್ಥವಿಲ್ಲದ್ದು ನಿಲ್ಲುವುದಿಲ್ಲ. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ತನ್ನ ಮೇಲೇ ಮಾಡಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗಳ ಗುಂಪನ್ನು ಬಾಯಿಪಾಠ ಮಾಡಿ ಎಷ್ಟು ಬೇಗ ಮರೆಯುತ್ತೇನೆ ಅಂತ ಅಳೆದ. ಒಂದೇ ದಿನದಲ್ಲಿ ಹೆಚ್ಚಿನ ಭಾಗ ಹೋಗಿತ್ತು. ಎಲ್ಲರ ತಲೆಯೂ ಹೀಗೇ ಕೆಲಸ ಮಾಡುವುದು ಅಂತ ಹೇಳಿದಾಗ ಹುಡುಗನ ಮುಖ ಸ್ವಲ್ಪ ಸಡಿಲ ಆಯ್ತು.

"ಸುಲ್ತಾನ್ ಬತ್ತೇರಿ ಯಾವಾಗಿನದ್ದು?" ಅಂದೆ. ಆ ಕಾವಲು ಬುರುಜು ಅವನ ಮನೆ ಹತ್ತಿರದ್ದೇ ಅಲ್ವಾ. "1784, ಟಿಪ್ಪು ಕಟ್ಟಿಸಿದ್ದು." ಸರಿ, ಅಲ್ಲಿಂದ ಹಿಂದಕ್ಕೆ ಹೋಗೋಣ ಅಂದೆ. ಅದೇ 1784ರ ಮಾರ್ಚ್ 11ಕ್ಕೆ ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮಂಗಳೂರು ಒಪ್ಪಂದ. ಹಿಂದಿನ ವರ್ಷ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ, ಒಳಗೆ ಇಂಗ್ಲಿಷರು. ಟಿಪ್ಪುವಿನ ಜೊತೆ ಫ್ರೆಂಚ್ ಸೈನಿಕರೂ ಇದ್ದರು. ಯುರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಸಂಧಿ ಆಯ್ತು ಅಂತ 1783ರಲ್ಲಿ ಸುದ್ದಿ ಬಂದ ಕೂಡಲೇ ಅವರು ಯುದ್ಧ ನಿಲ್ಲಿಸಿಬಿಟ್ಟರು. ಅವರಿಗೆ ಇಂಗ್ಲಿಷರ ಜೊತೆ ಎಂತ ಜಗಳ? 1778ರಲ್ಲಿ ಫ್ರಾನ್ಸ್ ಅಮೆರಿಕದವರ ಪಕ್ಷ ಸೇರಿತ್ತು. ಅಮೆರಿಕದವರು ಇಂಗ್ಲೆಂಡಿನಿಂದ ಸ್ವಾತಂತ್ರ್ಯ ಘೋಷಿಸಿದ್ದು 1776ರ ಜುಲೈ 4ಕ್ಕೆ. ಆ ಜಗಳ ನಮ್ಮ ಕರಾವಳಿಗೂ ಬಂತು. 1779ರಲ್ಲಿ ಇಂಗ್ಲಿಷರು ಫ್ರೆಂಚರ ಮಾಹೆಯನ್ನು ಹಿಡಿದರು. ಹೈದರನಿಗೆ ಫ್ರೆಂಚರಿಂದ ಯುದ್ಧದ ಸಾಮಾನು ಬರುತ್ತಿದ್ದದ್ದು ಆ ಬಂದರಿನಿಂದ. ಅವನು ಸಿಟ್ಟಾಗಿ 1780ರಲ್ಲಿ ಯುದ್ಧಕ್ಕೆ ಹೊರಟ.

"ಮಾಹೆ ಅಂದ್ರೆ, ರೈಲಿನಲ್ಲಿ ತಲಶ್ಶೇರಿ ದಾಟಿದ ಮೇಲೆ ಸಿಗುವ ಮಾಹೆಯಾ ಮೇಡಂ?" ಹುಡುಗ ನೆಟ್ಟಗೆ ಕೂತ. ಅದೇ.

ಈಗ ಮುಂದಕ್ಕೆ ಬಂದೆವು. ಅಮೆರಿಕದ ಯುದ್ಧಕ್ಕೆ ಸುರಿದ ದುಡ್ಡಿನಿಂದ ಫ್ರಾನ್ಸಿನ ಸಾಲ ಮಿತಿಮೀರಿತು. ತೆರಿಗೆಯ ದಾರಿ ಹುಡುಕಲು ರಾಜ 1789ರ ಮೇಯಲ್ಲಿ ಪ್ರತಿನಿಧಿಗಳ ಸಭೆ ಕರೆದ, ಜುಲೈ 14ಕ್ಕೆ ಪ್ಯಾರಿಸ್ಸಿನ ಬ್ಯಾಸ್ಟಿಲ್ ಸೆರೆಮನೆ ಜನರ ಕೈಗೆ ಬಿತ್ತು. ಆ ಫ್ರೆಂಚ್ ಕ್ರಾಂತಿಯಲ್ಲಿ ಮೇಲೆ ಬಂದ ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ಇಳಿದ. ಅವನು ಟಿಪ್ಪುವಿನ ಜೊತೆ ಸೇರಿದರೆ ಅನ್ನುವ ಭಯವೂ ಇಂಗ್ಲಿಷರಿಗೆ ಇತ್ತು. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಆ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ, 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ಗೆ ಎದುರು ನಿಂತದ್ದು. ಮಾವನ ಪ್ರಶ್ನೆಗೆ ಉತ್ತರ ತಾನಾಗಿ ಬಂತು.

ಕೊಟ್ಟ ಸಲಹೆ ಇಷ್ಟು. ನೋಟ್‌ಬುಕ್ ಬಿಸಾಡಬೇಡಿ, ಆದರೆ ಅದನ್ನೇ ಮೇಲಿಂದ ಕೆಳಗೆ ಓದುತ್ತಾ ಕೂರಬೇಡಿ. ವಾರಕ್ಕೆ ಇಂಥ ಒಂದು ಸರಪಣಿ ಸಾಕು. ಮೊದಲು ಯಾವುದು ಆದಮೇಲೆ ಯಾವುದು ಅನ್ನುವುದು ಗಟ್ಟಿಯಾಗಲಿ, ಇಸವಿ ಆಮೇಲೆ. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯಿರಿ, ತಪ್ಪಿದ್ದನ್ನು ಮಾತ್ರ ನೋಡಿ ತಿದ್ದಿ, ಮರುದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಓದುವುದಕ್ಕಿಂತ ಇದು ಕಷ್ಟ ಅನ್ನಿಸುತ್ತದೆ, ಆದರೆ ನೆನಪು ಗಟ್ಟಿಯಾಗುವುದು ಹೀಗೆ ಹುಡುಕಿ ತೆಗೆಯುವಾಗಲೇ. ಕಾರಣದ ಸಂಬಂಧ ಸಿಗದ ಕಡೆ ಕಾಕತಾಳೀಯವೂ ಆಗುತ್ತದೆ. ಕೆನರಾ, ಸಿಂಡಿಕೇಟ್ ಸೇರಿ 14 ಬ್ಯಾಂಕುಗಳ ರಾಷ್ಟ್ರೀಕರಣ 1969ರ ಜುಲೈ 19ಕ್ಕೆ, ಮನುಷ್ಯ ಚಂದ್ರನ ಮೇಲೆ ಇಳಿದದ್ದು ಅಮೆರಿಕದ ಲೆಕ್ಕದಲ್ಲಿ ಮರುದಿನವೇ, ನಮ್ಮ ಗಡಿಯಾರದಲ್ಲಿ ಆಗಲೇ 21 ಆಗಿತ್ತು. ಪಿಗ್ಮಿ ಹುಡುಗನಿಗೆ ಇದನ್ನು ಮರೆಯಲು ಆಗುವುದಿಲ್ಲ.

ಕ್ಯಾಪ್ಸೂಲ್ ನಿಲ್ಲಿಸಿ, ಏಳು ಗಂಟೆ ನಿದ್ದೆ ಮಾಡಿ ಅಂದೆ. ಓದಿದ್ದು ನೆಲೆಯಾಗುವುದಕ್ಕೆ ನಿದ್ದೆ ಬೇಕೇ ಬೇಕು, ಇದರಲ್ಲಿ ರಾಜಿ ಇಲ್ಲ. ಪರೀಕ್ಷೆಯಲ್ಲಿ ಜೋಡಿಸುವ ಪ್ರಶ್ನೆ ಬಂದರೆ ಗುರುತು ಹಾಕಿ ಮುಂದೆ ಹೋಗಿ, ಕೊನೆಗೆ ವಾಪಸ್ ಬಂದು ಯಾವುದರಿಂದ ಯಾವುದು ಆಯ್ತು ಅಂತ ಕೇಳಿಕೊಳ್ಳಿ.

ಹುಡುಗ ಒಪ್ಪಿದ ಮೇಲೆ ಮಾವನ ಹತ್ತಿರವೂ ಮಾತಾಡಿದೆ. ಕೆಟ್ಟವರಲ್ಲ, ಅಳಿಯ ಆಫೀಸರ್ ಆಗಬೇಕು ಅನ್ನುವ ಆಸೆ ಅಷ್ಟೇ. ಊಟದ ಹೊತ್ತಿನ ಪ್ರಶ್ನೆ ನಿಲ್ಲಿಸಿ, ಕೇಳಲೇಬೇಕು ಅನ್ನಿಸಿದರೆ "ಆ ಕಥೆ ಹೇಳು" ಅನ್ನಿ ಅಂದೆ. "ಆಯ್ತು ಮೇಡಂ, ನನಗೂ ಅದು ಗೊತ್ತಿರಲಿಲ್ಲ" ಅಂದರು.

ಆಮೇಲಿನ ಭೇಟಿಗೆ ಹುಡುಗ ತಾನೇ ಒಂದು ಸರಪಣಿ ಬರೆದು ತಂದಿದ್ದ. ಮೊದಲ ಮಹಾಯುದ್ಧಕ್ಕೆ ಕಿಡಿ ಹಚ್ಚಿದ ಗುಂಡು ಸರಾಯೆವೋದಲ್ಲಿ ಹಾರಿದ್ದು 1914ರ ಜೂನ್ 28, ಯುದ್ಧದ ನಂತರ ಜರ್ಮನಿಯ ಜೊತೆ ವರ್ಸೇಲ್ಸ್ ಒಪ್ಪಂದ 1919ರ ಜೂನ್ 28, ಅದೇ 1919ರ ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್. ಸ್ಕ್ಯಾನಿನ ಸುದ್ದಿ ಎತ್ತಲಿಲ್ಲ. ಪರೀಕ್ಷೆ ಹಾಲಿನ ಭಯ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಗಡಿಯಾರ ಇಟ್ಟು ಹಳೆಯ ಪ್ರಶ್ನೆಪತ್ರಿಕೆ ಬರೆಸುತ್ತಿದ್ದೇನೆ, ಕೈ ಬೆವರಿದಾಗ ಪೆನ್ನು ಕೆಳಗಿಟ್ಟು ನಿಧಾನ ಉಸಿರು ಬಿಡುವುದನ್ನು ಅಭ್ಯಾಸ ಮಾಡಿಸುತ್ತಿದ್ದೇನೆ. ಪ್ರಿಲಿಮ್ಸ್ ಮುಗಿಯುವ ತನಕ ಹದಿನೈದು ದಿನಕ್ಕೊಮ್ಮೆ ಬರಲು ಹೇಳಿದ್ದೇನೆ.