ತಿರುವಿನಲ್ಲಿ ಮಿನುಗುವ ಬ್ರೇಕ್ ದೀಪ

ಹಳೆಯ ಕಾರನ್ನು ತಿರುಗಿಸುವಾಗ ಮಾತ್ರ ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ಎಚ್ಚರಿಕೆ ದೀಪ ಮಿನುಗಿ ಆರುತ್ತದೆ ಎಂದಿದ್ದೀರಿ; ಬ್ರೇಕ್ ಆಯಿಲ್ ಅದರ ಡಬ್ಬಿಯ ಮೇಲಿನ ಕನಿಷ್ಠ ಗೆರೆಯ ಸಮೀಪಕ್ಕೆ ಇಳಿದಿರುವುದೇ ಬಹುಶಃ ಇದಕ್ಕೆ ಕಾರಣ, ಏಕೆಂದರೆ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದಾಗ ಡಬ್ಬಿಯೊಳಗಿನ ತೇಲುವ ಸ್ವಿಚ್ ಕೆಳಗಿಳಿದು ದೀಪವನ್ನು ಹೊತ್ತಿಸುತ್ತದೆ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಾನೆಟ್ ತೆರೆದು ಮಟ್ಟವನ್ನು ನೋಡಿ. ಕಡಿಮೆಯಿದ್ದರೆ ಕೂಡಲೇ ತುಂಬಿಸಿ ಸುಮ್ಮನಾಗಬೇಡಿ: ಬ್ರೇಕ್ ಪ್ಯಾಡ್ ಸವೆದಂತೆಲ್ಲ ಮಟ್ಟವೂ ಇಳಿಯುವುದರಿಂದ ಮೊದಲು ಪ್ಯಾಡ್‌ಗಳನ್ನು ಪರೀಕ್ಷಿಸಿ, ಸವೆದಿದ್ದರೆ ಬದಲಾಯಿಸಿದ ಬಳಿಕವೇ ಮುಚ್ಚಳದ ಮೇಲೆ ನಮೂದಿಸಿರುವ ಡಾಟ್ (DOT, ಬ್ರೇಕ್ ಆಯಿಲ್‌ನ ಗುಣಮಟ್ಟದ ಗುರುತು) ದರ್ಜೆಯ ಆಯಿಲನ್ನು ಹಾಕಿ (ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಕೆಡುತ್ತದೆ). ಪ್ಯಾಡ್ ಚೆನ್ನಾಗಿದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿರಬಹುದು. ಚಕ್ರಗಳ ಒಳಬದಿಯಲ್ಲಿ ಒದ್ದೆಯಿದೆಯೇ ನೋಡಿ. ಮಟ್ಟ ಸರಿಯಿದ್ದರೆ, ಇದೇ ದೀಪವನ್ನು ಹೊತ್ತಿಸುವ ಹ್ಯಾಂಡ್‌ಬ್ರೇಕ್ ಸ್ವಿಚ್ಚನ್ನು ಪರೀಕ್ಷಿಸಿ. ಬ್ರೇಕ್ ಪೆಡಲ್ ಮೆತ್ತಗಾಗಿದ್ದರೆ ಕಾರನ್ನು ಓಡಿಸದೆ, ಮೆಕ್ಯಾನಿಕ್ ಅವರನ್ನು ಅಲ್ಲಿಗೇ ಕರೆಸಿ.