ಟೆಸ್ಟ್ ಎಲ್ಲ ಪಾಸ್ ಆದಮೇಲೂ ಪ್ರೋಗ್ರಾಮನ್ನು ಗಣಿತದಿಂದ ಸಾಬೀತು ಮಾಡಬೇಕಾ?

ನೀವು ಟೆಸ್ಟಿಂಗ್ ಕೆಲಸದಲ್ಲಿದ್ದೀರಿ. ಫಾರ್ಮಲ್ ವೆರಿಫಿಕೇಶನ್ (ಅಂದರೆ ಪ್ರೋಗ್ರಾಮ್ ಸರಿ ಇದೆ ಎಂದು ಗಣಿತದಿಂದ ಸಾಬೀತು ಮಾಡುವುದು) ಸಂಶೋಧಕರು ನಿಜವಾದ ಕೋಡಿನಲ್ಲಿ ಯಾವತ್ತಾದರೂ ಏನಾದರೂ ಹಿಡಿದಿದ್ದಾರಾ, ಇಲ್ಲ ಸುಮ್ನೆ ಪೇಪರ್ ಬರೆಯುತ್ತಾರಾ ಅಂತ ಕೇಳಿದ್ದೀರಿ. ನಾನು ಇದೇ ಕ್ಷೇತ್ರದವನು. ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂದುಕೊಂಡೇ ಓದಿ.

ಹಿಡಿದಿದ್ದಾರೆ. ನನಗೆ ತುಂಬ ಇಷ್ಟವಾದ ಪ್ರಕರಣ ಟಿಮ್‌ಸಾರ್ಟ್. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗಾಗಿ ಬರೆದ ಸಾರ್ಟಿಂಗ್ ವಿಧಾನ ಅದು, ಅಂದರೆ ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಕೋಡ್. ಆಮೇಲೆ ಜಾವಾ, ಆಂಡ್ರಾಯ್ಡ್ ಕೂಡ ಅದನ್ನೇ ತೆಗೆದುಕೊಂಡವು. ಅದಕ್ಕಿಂತ ಜಾಸ್ತಿ ಟೆಸ್ಟ್ ಆದ ಕೋಡ್ ಸಿಗುವುದೇ ಕಷ್ಟ, ಅಲ್ವಾ? 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಸ್ಟೈನ್ ಡಿ ಗೌ ಮತ್ತು ಜೊತೆಗಾರರು ಜಾವಾದ ಆ ಕೋಡ್ ಸರಿ ಇದೆ ಎಂದು ಸಾಬೀತು ಮಾಡಲು ಕೂತರು. ಜಾವಾ ಕೋಡಿಗೆಂದೇ ಇರುವ 'ಕೀ' ಎಂಬ ಟೂಲ್ ಬಳಸಿದರು. ಬಗ್ ಹುಡುಕುವುದು ಅವರ ಉದ್ದೇಶವೇ ಆಗಿರಲಿಲ್ಲ. ಆದರೆ ಪ್ರೂಫ್ ಒಂದು ಕಡೆ ಸಿಕ್ಕಿಹಾಕಿಕೊಂಡಿತು.

ಎಲ್ಲಿ ಅಂತ ಹೇಳುತ್ತೇನೆ. ಟಿಮ್‌ಸಾರ್ಟ್ ಆಗಲೇ ಸಾಲಾಗಿರುವ ತುಂಡುಗಳನ್ನು ಹುಡುಕಿ, ಅವುಗಳ ಉದ್ದವನ್ನು ಒಂದು ಸ್ಟ್ಯಾಕ್‌ನಲ್ಲಿ (ಒಂದರ ಮೇಲೊಂದು ಪೇರಿಸುವ ಪಟ್ಟಿ) ಇಟ್ಟು, ಆಗಾಗ ಪಕ್ಕಪಕ್ಕದ ಎರಡನ್ನು ಸೇರಿಸುತ್ತಾ ಹೋಗುತ್ತದೆ. ಸ್ಟ್ಯಾಕ್‌ಗೆ ಒಂದು ನಿಯಮ: ಪ್ರತಿ ತುಂಡೂ ತನ್ನ ಮುಂದಿನ ಎರಡರ ಮೊತ್ತಕ್ಕಿಂತ ದೊಡ್ಡದಿರಬೇಕು. ಪ್ರತಿ ಹಂತದ ಕೊನೆಗೂ ನಿಜವಾಗಿಯೇ ಉಳಿಯಬೇಕಾದ ಇಂಥ ನಿಯಮಕ್ಕೆ ಇನ್ವೇರಿಯಂಟ್ ಅನ್ನುತ್ತಾರೆ. ಕೋಡ್ ಓಡುವ ಮುಂಚೆ ಇದು ನಿಜ, ಓಡಿದ ಮೇಲೆ ಅದು ನಿಜ ಎಂದು ಬರೆದು ಸಾಧಿಸುವ ದಾರಿ ಟೋನಿ ಹೋರ್ 1969ರಲ್ಲಿ ಕೊಟ್ಟದ್ದು. ನಾವೆಲ್ಲ ಇವತ್ತಿಗೂ ಅದರ ಮೇಲೇ ನಿಂತಿದ್ದೇವೆ.

ಈಗ ಚಿಕ್ಕ ಸಂಖ್ಯೆಗಳಲ್ಲಿ ನೋಡಿ. ಸ್ಟ್ಯಾಕ್‌ನಲ್ಲಿ 48, 32, 10, 8 ಇವೆ (ಎಡದ್ದು ಕೆಳಗೆ, ಬಲದ್ದು ಮೇಲೆ). ನಿಯಮ ಸರಿಯಾಗಿದೆ. ಮೇಲೆ 12 ಬಂತು. 10 ಎಂಬುದು 8 ಮತ್ತು 12ರ ಮೊತ್ತಕ್ಕಿಂತ ಚಿಕ್ಕದು, ನಿಯಮ ಮುರಿಯಿತು. ಕೋಡ್ 10 ಮತ್ತು 8ನ್ನು ಸೇರಿಸಿ 18 ಮಾಡುತ್ತದೆ. ಈಗ 48, 32, 18, 12. ಕೋಡ್ ತುದಿಯ ಮೂರನ್ನು ಮಾತ್ರ ನೋಡುತ್ತದೆ: 32 ಎಂಬುದು 30ಕ್ಕಿಂತ ದೊಡ್ಡದು, ಎಲ್ಲ ಸರಿ, ನಿಲ್ಲಿಸು. ಆದರೆ ಕೆಳಗೆ 48 ಎಂಬುದು 32 ಮತ್ತು 18ರ ಮೊತ್ತವಾದ 50ಕ್ಕಿಂತ ಚಿಕ್ಕದು! ಅಲ್ಲಿ ಯಾರೂ ನೋಡಲೇ ಇಲ್ಲ.

ಇದರಿಂದ ಏನಾಗುತ್ತದೆ? ನಿಯಮ ಉಳಿದಿದ್ದರೆ ತುಂಡುಗಳ ಉದ್ದ ಬೇಗ ಬೇಗ ಬೆಳೆಯುತ್ತದೆ, ಹಾಗಾಗಿ ಸ್ಟ್ಯಾಕ್‌ಗೆ 40 ಜಾಗ ಸಾಕು ಎಂದು ಜಾವಾದವರು ಲೆಕ್ಕ ಹಾಕಿದ್ದರು. ನಿಯಮ ಮುರಿದರೆ ಆ ಲೆಕ್ಕವೂ ಹೋಯಿತು. ಸಂಶೋಧಕರು ಸುಮಾರು 6.7 ಕೋಟಿ ಅಂಶಗಳ ಒಂದು ಅರೇ (ಪಟ್ಟಿ) ಕಟ್ಟಿ, ಪ್ರೋಗ್ರಾಮ್ ಕ್ರ್ಯಾಶ್ ಆಗುವುದನ್ನು ತೋರಿಸಿದರು. ಯಾದೃಚ್ಛಿಕ ಟೆಸ್ಟಿನಲ್ಲಿ ಅಂಥ ಅರೇ ತಾನಾಗಿ ಬರುವ ಸಾಧ್ಯತೆ ಇಲ್ಲವೆಂದೇ ಹೇಳಬಹುದು. ಪ್ರೂಫ್ ಸಿಕ್ಕಿಕೊಂಡ ಜಾಗ ನೋಡಿದ್ದರಿಂದಲೇ ಅದನ್ನು ಕಟ್ಟಲು ಸಾಧ್ಯವಾಯಿತು.

ಮುಂದಿನ ಕಥೆ ಇನ್ನೂ ಚೆನ್ನಾಗಿದೆ. ಪೈಥಾನ್‌ನವರು ನಿಯಮ ಪರೀಕ್ಷಿಸುವ ಸಾಲನ್ನೇ ತಿದ್ದಿದರು, ಇನ್ನೊಂದು ತುಂಡನ್ನೂ ನೋಡುವಂತೆ ಮಾಡಿದರು. ಜಾವಾದವರು ಕೋಡ್ ಮುಟ್ಟದೆ 40ನ್ನು 49 ಮಾಡಿ ಕೈತೊಳೆದುಕೊಂಡರು. 2018ರಲ್ಲಿ ಫ್ರಾನ್ಸಿನ ನಾಲ್ವರು ಸಂಶೋಧಕರು ಆ 49 ಕೂಡ ಸಾಲದು ಎಂದು ತೋರಿಸಿದರು. ಆಗ ಜಾವಾದಲ್ಲೂ ನಿಯಮವನ್ನೇ ಸರಿಪಡಿಸಿದರು. ಇಂಥ ತೇಪೆ ಕೆಲಸ ನಮ್ಮ ಆಫೀಸುಗಳಲ್ಲೂ ದಿನಾ ನಡೆಯುತ್ತದೆ, ನಿಮಗೂ ಗೊತ್ತು.

ಹಾಗಂತ ಎಲ್ಲಕ್ಕೂ ಇದನ್ನು ಮಾಡಿ ಅನ್ನುವುದಿಲ್ಲ. ಖರ್ಚು ವಿಪರೀತ. ಎಸ್‌ಇಎಲ್4 ಎಂಬ ಚಿಕ್ಕ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಪ್ರೂಫ್ 2009ರಲ್ಲಿ ಮುಗಿದಾಗ, ಸುಮಾರು 8,700 ಸಾಲು ಸಿ ಕೋಡಿಗೆ ಹತ್ತಿರಹತ್ತಿರ 2 ಲಕ್ಷ ಸಾಲು ಪ್ರೂಫ್ ಬರೆದಿದ್ದರು. ವಿಮಾನ, ಪೇಸ್‌ಮೇಕರ್, ಕ್ರಿಪ್ಟೋಗ್ರಫಿ ಲೈಬ್ರರಿ ಆದರೆ ಸರಿ. ಊಟ ತರಿಸುವ ಆ್ಯಪ್‌ನ ಬಟನ್ನಿಗೆ ಬೇಡ, ಟೆಸ್ಟಿಂಗೇ ಸಾಕು.

ಇನ್ನೊಂದು ವಿಷಯ. ನೀವು ಏನನ್ನು ನಿಜ ಎಂದು ಹಿಡಿದು ಹೊರಟಿರೋ, ಪ್ರೂಫ್ ಅಷ್ಟಕ್ಕೇ ಬೆಲೆಬಾಳುತ್ತದೆ. ಸಾಲಾಗಿರುವ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚ್ ಸರಿ ಎಂದು ಪುಸ್ತಕದಲ್ಲಿ ಸಾಬೀತಾಗಿತ್ತು. ಆದರೂ ಜಾವಾದ ಬೈನರಿ ಸರ್ಚ್‌ನಲ್ಲಿ ವರ್ಷಗಟ್ಟಲೆ ಇದ್ದ ಬಗ್ಗನ್ನು ಜೋಶುವಾ ಬ್ಲಾಕ್ 2006ರಲ್ಲಿ ಬರೆದು ತಿಳಿಸಿದರು. ಎರಡು ಇಂಡೆಕ್ಸ್ ಕೂಡಿಸಿದಾಗ 32 ಬಿಟ್‌ನಲ್ಲಿ ಹಿಡಿಸದೆ ಉತ್ತರ ಮೈನಸ್ ಆಗುತ್ತಿತ್ತು. ಪುಸ್ತಕದ ಪ್ರೂಫ್‌ನ ಸಂಖ್ಯೆಗಳಿಗೆ ಮಿತಿಯೇ ಇರಲಿಲ್ಲ.

ನಿಮಗೆ ಆಸಕ್ತಿ ಇದ್ದರೆ ಕೋಡ್ ಸರಿ ಇದೆಯೇ ಎಂದು ಪ್ರೂಫ್ ಮೂಲಕ ತಾನೇ ನೋಡುವ ಡಾಫ್ನಿ ಎಂಬ ಭಾಷೆ ಹಾಕಿಕೊಳ್ಳಿ, ಉಚಿತ. ಇದೇ ಬೈನರಿ ಸರ್ಚ್ ಬರೆದು ಇನ್ವೇರಿಯಂಟ್ ಕೊಟ್ಟು ನೋಡಿ. ಆದರೆ ಡಾಫ್ನಿಯ ಮಾಮೂಲಿ ಪೂರ್ಣಾಂಕದ ಟೈಪ್ 'ಇಂಟ್'ಗೂ ಮಿತಿ ಇಲ್ಲ, ಬ್ಲಾಕ್ ಹೇಳಿದ ಬಗ್ ಅದರ ಕಣ್ಣಿಗೆ ಬೀಳುವುದಿಲ್ಲ. 32 ಬಿಟ್‌ಗೆ ಹಿಡಿಸುವ ನಿಮ್ಮದೇ ಸಂಖ್ಯೆಯ ಟೈಪ್ ಮಾಡಿಕೊಂಡರೆ, ಕೂಡಿಸುವ ಸಾಲಿನ ಮೇಲೆ ಡಾಫ್ನಿ ತಕ್ಷಣ ತಕರಾರು ತೆಗೆಯುತ್ತದೆ.